ಚೀಟಿಯಲ್ಲಿ ಒಂದು ಕಡಿಮೆ

ಮಗಳೇ,

ಕಳೆದ ಭಾನುವಾರ ನೀನು ಫೋನ್ ಮಾಡಿದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. "ಅವ್ವಾ, ಟೀಚರ್ ಕೋರ್ಸ್ ಮುಗಿಯೋ ಮುಂಚೆ ಎಲ್ಲರೂ ಒಂದು ಪ್ರಬಂಧ ಬರೀಬೇಕು. ಕ್ಲಾಸಿನಲ್ಲಿ ಶಿಕ್ಷಕಿಗೆ ಇರಬೇಕಾದ ಮೌಲ್ಯಗಳು ಅಂತ. ಏನ್ ಬರೀಲಿ?" ಅಂತ ಕೇಳಿದೆ. ನಾನು ಕೈಯಲ್ಲಿ ಹಿಟ್ಟು ಹಿಡಿದುಕೊಂಡೇ "ಸತ್ಯ, ಶಿಸ್ತು, ಪ್ರೀತಿ ಅಂತ ಬರಿ" ಅಂದುಬಿಟ್ಟೆ. ನೀನು ಆಯ್ತು ಅಂದು ಫೋನ್ ಇಟ್ಟೆ.

ರಾತ್ರಿ ಮಲಗಿದಾಗ ಆ ಮಾತು ನನಗೇ ಸರಿ ಅನಿಸಲಿಲ್ಲ. ಸತ್ಯ, ಶಿಸ್ತು, ಪ್ರೀತಿ ನಮ್ಮ ಶಾಲೆಯ ಗೋಡೆ ಮೇಲೆ ಬಣ್ಣದಲ್ಲಿ ಬರೆದಿವೆ. ನೀನು ಕೇಳಿದ್ದು ಗೋಡೆಯನ್ನಲ್ಲ, ನಿನ್ನ ಅವ್ವನನ್ನು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳೋಕೆ ಆಗದ ಒಂದು ವಿಷಯವೂ ಇದೆ.

ನಿನ್ನನ್ನು ಒಂದನೇ ಕ್ಲಾಸಿಗೆ ಹಚ್ಚಿದ 2011ರಲ್ಲೇ ನಾನು ಆ ಶಾಲೆಯ ಬಿಸಿಯೂಟದ ಅಡುಗೆಗೆ ಸೇರಿದೆ. ನೀನು ಪಾಟಿ ಹಿಡಿದು ಒಳಗೆ ಹೋದೆ, ನಾನು ಸೌಟು ಹಿಡಿದು ಹಿಂದಿನ ಕೋಣೆಗೆ ಹೋದೆ. ಅಡುಗೆ ಕೋಣೆಯ ಬಾಗಿಲು ತರಗತಿಗಳ ಕಡೆಗೇ ಇದೆ ಅಂತ ನಿನಗೆ ಗೊತ್ತು. ಇಷ್ಟು ವರ್ಷ ಆ ಬಾಗಿಲಿನಿಂದ ನಾನು ಪಾಠ ಕೇಳಿದ್ದೇನೆ, ಟೀಚರ್‌ಗಳನ್ನು ನೋಡಿದ್ದೇನೆ. ಎಷ್ಟೋ ಜನ ಬಂದರು, ವರ್ಗವಾಗಿ ಹೋದರು. ಯಾರು ಎಷ್ಟು ಚೆನ್ನಾಗಿ ಪಾಠ ಮಾಡಿದರು ಅಂತ ತೂಗುವಷ್ಟು ಓದು ನನಗಿಲ್ಲ. ಯಾರ ಕ್ಲಾಸಿನಿಂದ ಮಕ್ಕಳು ಹೇಗೆ ಹೊರಗೆ ಬರುತ್ತಾರೆ ಅನ್ನುವುದು ಮಾತ್ರ ನನಗೆ ಚೆನ್ನಾಗಿ ಗೊತ್ತು. ಅವರು ನೇರ ನನ್ನ ಮುಂದೆಯೇ ಬಂದು ತಾಟು ಹಿಡಿಯುತ್ತಾರಲ್ಲ.

ಮೊದಲು ಚೀಟಿಯ ವಿಷಯ ಹೇಳುತ್ತೇನೆ.

ದಿನಾ ಬೆಳಿಗ್ಗೆ ಪ್ರಾರ್ಥನೆ ಮುಗಿದು ಹಾಜರಿ ಆದ ಮೇಲೆ ಒಬ್ಬ ಹುಡುಗ ಒಂದು ಚೀಟಿ ತರುತ್ತಾನೆ. ಅದರಲ್ಲಿ ಎರಡೇ ಸಂಖ್ಯೆ ಇರುತ್ತದೆ. ಮೇಲೆ ಒಂದರಿಂದ ಐದನೇ ಕ್ಲಾಸಿನವರು, ಕೆಳಗೆ ಆರರಿಂದ ಎಂಟರವರು. ಸಣ್ಣವರಿಗೆ ತಲೆಗೆ 100 ಗ್ರಾಂ ಅಕ್ಕಿ, ದೊಡ್ಡವರಿಗೆ 150. ಬೇಳೆ 20 ಗ್ರಾಂ, 30 ಗ್ರಾಂ. ಚೀಟಿಯಲ್ಲಿ 71, 48 ಅಂತ ಇದ್ದರೆ 7 ಕೆಜಿ 100 ಗ್ರಾಂ ಒಂದು ಕಡೆ, 7 ಕೆಜಿ 200 ಗ್ರಾಂ ಇನ್ನೊಂದು ಕಡೆ. ಈ ಲೆಕ್ಕ ಈಗ ನನಗೆ ನಿದ್ದೆಯಲ್ಲೂ ಬರುತ್ತದೆ.

ಟೀಚರ್‌ಗೆ ಅದು ರಿಜಿಸ್ಟರಿನ ಸಂಖ್ಯೆ ಇರಬಹುದು. ನನಗೆ ಹಾಗಲ್ಲ. ನಿನ್ನೆ 71 ಇದ್ದದ್ದು ಇವತ್ತು 69 ಆಯಿತು ಅಂದರೆ ಎರಡು ಹಿಡಿ ಅಕ್ಕಿಯನ್ನು ನನ್ನ ಕೈಯಿಂದಲೇ ಚೀಲಕ್ಕೆ ವಾಪಸ್ ಹಾಕಬೇಕು. ಹಾಕುವಾಗ ಯಾರು ಆ ಇಬ್ಬರು ಅಂತ ಮನಸ್ಸು ಕೇಳಿಯೇ ಕೇಳುತ್ತದೆ. ಬಡಿಸುವಾಗ ಸಾಲು ನೋಡಿದರೆ ಗೊತ್ತಾಗುತ್ತದೆ. ಕೊನೆಯಲ್ಲಿ ಕೂರುತ್ತಿದ್ದ ಅಣ್ಣ ತಂಗಿ ಇಲ್ಲ. ಓಣಿಯಲ್ಲಿ ವಿಚಾರಿಸಿದರೆ ಅವರ ಮನೆಗೆ ಬೀಗ. ಗೋವಾಕ್ಕೋ ಬೆಂಗಳೂರಿಗೋ ದುಡಿಯಲು ಹೋಗಿರುತ್ತಾರೆ. ಆರು ತಿಂಗಳು ಬಿಟ್ಟು ಬಂದಾಗ ಆ ಹುಡುಗ ಇಷ್ಟುದ್ದ ಬೆಳೆದಿರುತ್ತಾನೆ, ಓದುವುದು ಮರೆತಿರುತ್ತಾನೆ. ಅಂಥವನು ಮೊದಲ ದಿನ ಬಾಗಿಲಲ್ಲಿ ನಿಂತಾಗ "ಏನಪ್ಪಾ, ಈಗ ನೆನಪಾಯ್ತಾ ಸಾಲಿ?" ಅನ್ನುವವರನ್ನೂ ನೋಡಿದ್ದೇನೆ. "ಬಾ, ನಿನ್ನ ಜಾಗ ಹಾಗೇ ಇದೆ" ಅನ್ನುವವರನ್ನೂ ನೋಡಿದ್ದೇನೆ. ಊರು ಬಿಟ್ಟು ಹೋಗುವುದು ಆ ಮಗು ತೀರ್ಮಾನ ಮಾಡಿದ್ದಲ್ಲ ಅಲ್ವಾ?

ಇನ್ನೊಂದು ಸಂಗತಿ. ಇದನ್ನು ನಿನ್ನ ಪುಸ್ತಕದಲ್ಲಿ ಹೇಳಿದ್ದಾರೋ ಇಲ್ಲವೋ. ಸೋಮವಾರ ಮಕ್ಕಳು ಜಾಸ್ತಿ ಉಣ್ಣುತ್ತಾರೆ. ಅದೇ ಮಕ್ಕಳು, ಅದೇ ಸಾರು, ಆದರೆ ಸೋಮವಾರ ಡಬರಿ ಬೇಗ ಖಾಲಿ. ಎರಡನೇ ಸಲ, ಮೂರನೇ ಸಲ ತಾಟು ಚಾಚುತ್ತಾರೆ. ನನಗೆ ಇದು ಅರ್ಥವಾಗಲು ಒಂದೆರಡು ವರ್ಷ ಹಿಡಿಯಿತು. ಭಾನುವಾರ ಶಾಲೆ ಇಲ್ಲ. ಮಧ್ಯಾಹ್ನದ ಊಟವೂ ಇಲ್ಲ. ಅವ್ವ ಅಪ್ಪ ಕೂಲಿಗೆ ಹೋಗಿರುತ್ತಾರೆ. ಇಷ್ಟೇ. ಸೋಮವಾರ ಮೊದಲ ಪೀರಿಯಡ್‌ನಲ್ಲಿ ಒಂದು ಮಗು ತೂಕಡಿಸಿದರೆ, ಕರಿಹಲಗೆ ಕಡೆ ನೋಡದೆ ಕಿಟಕಿ ಕಡೆ ನೋಡುತ್ತಾ ಕೂತರೆ, ಬೈಯುವ ಮುಂಚೆ ಇವತ್ತು ಯಾವ ವಾರ ಅಂತ ನೆನಪು ಮಾಡಿಕೋ. ಆಗದಿದ್ದರೆ ಆ ಹೊತ್ತಿಗೆ ಒಂದು ಹಾಡು ಹೇಳಿಸು, ಕಥೆ ಹೇಳು. ಗಟ್ಟಿ ಪಾಠ ಊಟದ ಮೇಲೆ ಮಾಡಿದರೆ ಏನೂ ಮುಳುಗುವುದಿಲ್ಲ.

ಬಿಸಿಯೂಟ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ನಮ್ಮ ಕೊಪ್ಪಳವೂ ಸೇರಿ ಈ ಕಡೆಯ ಏಳು ಜಿಲ್ಲೆಗಳಿಗೆ, 2002ರಲ್ಲಿ. ಆಮೇಲೆ ಉಳಿದ ಕಡೆ. ನಮಗೆ ಮೊದಲು ಯಾಕೆ ಕೊಟ್ಟರು ಅಂತ ನೀನು ಸಣ್ಣವಳಿದ್ದಾಗ ಕೇಳಿದ್ದೆ. ನಾನು ಉತ್ತರ ಹೇಳದೆ ಸುಮ್ಮನಾಗಿದ್ದೆ. ಹಸಿವು ಜಾಸ್ತಿ ಇದ್ದ ಕಡೆ ಮೊದಲು ಕೊಟ್ಟರು, ಮಗಳೇ. ನೀನು ಪಾಠ ಮಾಡಬೇಕಾದದ್ದು ಇಂಥ ನೆಲದಲ್ಲಿ.

2013ರ ಆಗಸ್ಟ್‌ನಲ್ಲಿ ಹಾಲು ಕೊಡಲು ಶುರು ಮಾಡಿದರು. ನೀನು ಹಾಲಿನ ಪುಡಿಯ ವಾಸನೆ ಅಂತ ಮೂಗು ಮುಚ್ಚಿಕೊಂಡು ಕುಡಿಯುತ್ತಿದ್ದೆ, ನೆನಪಿದೆಯಾ? ಮೊಟ್ಟೆ ಬಂದದ್ದು 2021ರ ಡಿಸೆಂಬರ್‌ನಲ್ಲಿ. ಅದೂ ಮೊದಲು ನಮ್ಮ ಕಡೆಗೇ. ನೀನಾಗ ಪಿಯುಸಿಯಲ್ಲಿದ್ದೆ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಆ ವಾರ ನಡೆದದ್ದನ್ನು ನಿನಗೆ ಹೇಳಿರಲಿಲ್ಲ.

ಮೊದಲ ದಿನ ಒಬ್ಬ ಮೇಷ್ಟ್ರು ಗಲಾಟೆ ಆಗಬಾರದು ಅಂತ ಎರಡು ಸಾಲು ಮಾಡಿಸಿದರು. ಮೊಟ್ಟೆಯವರು ಈ ಕಡೆ, ಬಾಳೆಹಣ್ಣಿನವರು ಆ ಕಡೆ. ಅವರ ಮನಸ್ಸಿನಲ್ಲಿ ಕೆಟ್ಟದ್ದು ಇರಲಿಲ್ಲ, ಬಡಿಸಲು ಸುಲಭ ಅಂತ ಮಾಡಿದರು. ಆದರೆ ಮಕ್ಕಳು ಎದ್ದು ಆ ಕಡೆ ಈ ಕಡೆ ಹೋಗಿ ಕೂರುವುದನ್ನು ನೋಡುತ್ತಾ ನನ್ನ ಎದೆ ಝಲ್ ಅಂತು. ಬೆಳಿಗ್ಗೆಯಿಂದ ಒಂದೇ ಬೆಂಚಿನಲ್ಲಿ ಕೂತಿದ್ದ ಇಬ್ಬರು ಗೆಳತಿಯರು ಎದುರು ಬದುರಾದರು. ನಮ್ಮ ಊರಿನ ಓಣಿಗಳು ಹೇಗೆ ಬೇರೆ ಬೇರೆ ಇವೆಯೋ ಹಾಗೇ ಶಾಲೆಯ ಜಗಲಿ ಮೇಲೆ ಎರಡು ಓಣಿ ಎದ್ದು ನಿಂತವು. ಒಂದು ಮಗು ಯಾವ ಕಡೆ ಹೋಗಬೇಕು ಅಂತ ತಿಳಿಯದೆ ನಡುವೆ ನಿಂತಿತ್ತು. ಅದಕ್ಕೆ ಮೊಟ್ಟೆ ಬೇಕಿತ್ತು. ಮನೆಯಲ್ಲಿ ಬೇಡ ಅಂದಿದ್ದರೋ ಏನೋ.

ನಾನು ಅಡುಗೆಯವಳು. ಮೇಷ್ಟ್ರಿಗೆ ಹೇಳುವುದು ಹೇಗೆ ಅಂತ ಒಂದು ಗಳಿಗೆ ಹಿಂಜರಿದೆ. ಆಮೇಲೆ ಹೋಗಿ ಕೇಳಿದೆ, "ಸರ್, ಒಂದೇ ಸಾಲು ಮಾಡ್ರಿ. ಎರಡೂ ಬುಟ್ಟಿ ನಾನೇ ಹಿಡ್ಕೊಂಡು ಬರ್ತೀನಿ. ಯಾರಿಗೆ ಏನು ಬೇಕೋ ಅವರೇ ತಗೊಳ್ಳಲಿ." ಅವರು ನನ್ನ ಮುಖ ನೋಡಿದರು, ಸಾಲು ನೋಡಿದರು. "ಹೌದಲ್ಲ ಅಕ್ಕಾ" ಅಂದು ತಾವೇ ಒಂದು ಬುಟ್ಟಿ ಎತ್ತಿಕೊಂಡರು. ಅವತ್ತಿನಿಂದ ಈವತ್ತಿನವರೆಗೆ ಒಂದೇ ಸಾಲು. ಆ ಮೇಷ್ಟ್ರ ಮೇಲೆ ನನಗೆ ಗೌರವ ಜಾಸ್ತಿಯಾಯಿತು. ಅಡುಗೆಯವಳ ಮಾತು ಅಂತ ತಳ್ಳಿಹಾಕಲಿಲ್ಲ. ತಪ್ಪನ್ನು ಮಕ್ಕಳ ಎದುರೇ ತಿದ್ದಿಕೊಂಡರು.

ನಿನ್ನ ಕ್ಲಾಸಿನಲ್ಲೂ ಸುಲಭ ಅಂತ ನೀನು ಹಲವು ಸಾಲು ಮಾಡುತ್ತೀ. ಜಾಣರದು ಒಂದು, ಸ್ಕಾಲರ್‌ಶಿಪ್‌ನವರದು ಒಂದು. ಮಾಡುವ ಮುಂಚೆ, ನಡುವೆ ನಿಂತುಬಿಡುವ ಮಗು ಯಾವುದು ಅಂತ ಒಂದು ಸಲ ನೋಡು.

ಸ್ಕಾಲರ್‌ಶಿಪ್ ಅಂದಾಗ ಇನ್ನೊಂದು ನೆನಪಾಯಿತು. ಬರೆಯಲು ಕಷ್ಟ, ಆದರೂ ಬರೆಯುತ್ತೇನೆ. ಒಂದು ಸಲ ಒಬ್ಬರು ಟೀಚರ್ ಅರ್ಜಿ ತುಂಬಿಸುತ್ತಾ ಕ್ಲಾಸಿನ ನಡುವೆಯೇ ಗಟ್ಟಿಯಾಗಿ ಕೇಳಿದರು, "ನಿಮ್ಮಪ್ಪನ ಹೆಸರೇನು?" ಆ ಹುಡುಗಿ ಎದ್ದು ನಿಂತಳು, ಮಾತಾಡಲಿಲ್ಲ. ಮತ್ತೆ ಕೇಳಿದರು. ಹಿಂದೆ ಯಾರೋ ಕಿಸಕ್ಕೆಂದರು. ಅವಳ ಅವ್ವನಿಗೆ ಮುತ್ತು ಕಟ್ಟಿ ದೇವದಾಸಿ ಬಿಟ್ಟಿದ್ದರು ಅಂತ ಊರಿಗೆಲ್ಲ ಗೊತ್ತು. ಆ ಟೀಚರ್‌ಗೆ ಗೊತ್ತಿರಲಿಲ್ಲ. ದೇವದಾಸಿ ಬಿಡುವುದು ತಪ್ಪು ಅಂತ ಕಾನೂನು ಬಂದದ್ದು 1982ರಲ್ಲಿ. ಅದಾದ ಮೇಲೂ ನಮ್ಮ ಕಡೆ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿದ್ದಾರೆ. ಅವರ ಮಕ್ಕಳು ನಮ್ಮ ಶಾಲೆಗಳಲ್ಲೇ ಓದುತ್ತಾರೆ. ಅವತ್ತು ಆ ಹುಡುಗಿ ಊಟಕ್ಕೆ ಬರಲಿಲ್ಲ. ನೀರಿನ ಟ್ಯಾಂಕಿನ ಹಿಂದೆ ಕೂತಿದ್ದಳು. ನಾನು ತಾಟಿನಲ್ಲಿ ಅನ್ನ ಹಾಕಿಕೊಂಡು ಹೋಗಿ ಪಕ್ಕದಲ್ಲಿ ಕೂತೆ. ಅವಳೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಕೊನೆಗೆ ನಾಲ್ಕು ತುತ್ತು ಉಂಡಳು.

ನೀನು ಪರೀಕ್ಷೆಗೆ ಓದುವಾಗ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. 2009ರ ಶಿಕ್ಷಣ ಹಕ್ಕು ಕಾಯ್ದೆ, 17ನೇ ಸೆಕ್ಷನ್, ಮಗುವಿಗೆ ಹೊಡೆಯುವಂತಿಲ್ಲ, ಮಾನಸಿಕ ಹಿಂಸೆ ಕೊಡುವಂತಿಲ್ಲ. ಹೊಡೆಯುವುದು ಅಂದರೆ ಏನು ಅಂತ ಎಲ್ಲರಿಗೂ ಗೊತ್ತು. ಮಾನಸಿಕ ಹಿಂಸೆ ಅಂದಾಗೆಲ್ಲ ನನ್ನ ಕಣ್ಣ ಮುಂದೆ ಆ ಟ್ಯಾಂಕಿನ ಹಿಂದಿನ ಜಾಗ ಬರುತ್ತದೆ. ಆ ಟೀಚರ್ ಕೈ ಎತ್ತಿರಲಿಲ್ಲ, ಬೈದಿರಲಿಲ್ಲ. ಒಂದು ಪ್ರಶ್ನೆ ಕೇಳಿದ್ದರು ಅಷ್ಟೇ. ಹತ್ತಿರ ಕರೆದು ಮೆಲ್ಲಗೆ ಕೇಳಿದ್ದರೆ ಸಾಕಿತ್ತು.

ಒಂದರಿಂದ ಮೂರನೇ ಕ್ಲಾಸಿನವರಿಗೆ ಗುಂಪು ಮಾಡಿ ಕಲಿಸುವ ನಲಿಕಲಿ ಬಗ್ಗೆ ನೀನು ರಜೆಯಲ್ಲಿ ಬಂದಾಗ ಬಹಳ ಹೇಳಿದ್ದೆ. 1995ರಲ್ಲಿ ಮೈಸೂರು ಕಡೆ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿದ್ದು, ಆಮೇಲೆ ರಾಜ್ಯಕ್ಕೆಲ್ಲ ಬಂತು ಅಂತ. ಮಕ್ಕಳ ಗುಂಪಿಗೆ ತಟ್ಟೆ ಅನ್ನುತ್ತಾರೆ ಅಂದಾಗ ನನಗೆ ಬಹಳ ಖುಷಿಯಾಗಿತ್ತು. ನಾನು ಹಾಕುವುದೂ ತಟ್ಟೆಗೇ ಅಲ್ವಾ. ಮೊದಲ ತಟ್ಟೆಯವರು ಟೀಚರ್ ಪಕ್ಕದಲ್ಲೇ ಕೂರುತ್ತಾರೆ, ಕೊನೆಯ ತಟ್ಟೆಯವರು ತಾವೇ ಕಲಿಯುತ್ತಾರೆ. ಅಂದರೆ ಯಾರಿಗೆ ಬರುವುದಿಲ್ಲವೋ ಅವರು ಟೀಚರ್‌ಗೆ ಎಲ್ಲರಿಗಿಂತ ಹತ್ತಿರ. ಎಷ್ಟು ಚೆಂದದ ಪದ್ಧತಿ! ಆದರೆ ಮಗಳೇ, ಅದೇ ಮಗು ನಾಲ್ಕನೇ ಕ್ಲಾಸಿಗೆ ಬಂದ ಕೂಡಲೇ ಕೊನೆಯ ಸಾಲಿಗೆ ಹೋಗುವುದನ್ನು ನಾನು ವರ್ಷಾ ವರ್ಷಾ ನೋಡುತ್ತೇನೆ. ಮೂರು ವರ್ಷ ಟೀಚರ್ ಮಗ್ಗುಲಲ್ಲಿ ಕೂತವನು ಗೋಡೆಗೆ ಒರಗಿ ಕೂರುತ್ತಾನೆ. ನಿನಗೆ ಯಾವ ಕ್ಲಾಸ್ ಕೊಟ್ಟರೂ ಆ ಮೊದಲ ತಟ್ಟೆಯನ್ನು ಬಿಡಬೇಡ.

ಭಾಷೆಯ ವಿಷಯ ಸ್ವಲ್ಪ. ಹೋದ ತಿಂಗಳು ಕೋರ್ಸಿನ ಅಭ್ಯಾಸ ಪಾಠಕ್ಕೆ ಶಾಲೆಗೆ ಹೋಗಿದ್ದಾಗ ನೀನು "ಈ ಮಕ್ಕಳ ಮಾತು ತಿದ್ದೀ ತಿದ್ದೀ ಸಾಕಾಯ್ತು" ಅಂದೆ. ಪುಸ್ತಕದ ಕನ್ನಡ ಕಲಿಸಬೇಕು, ಅದು ನಿನ್ನ ಕೆಲಸ. ಆದರೆ ಒಂದು ಸಲ ಒಬ್ಬ ಹುಡುಗ ಎದ್ದು ನಿಂತು "ನೀರಡಿಕಿ ಆಗೇತ್ರಿ" ಅಂದ. ಟೀಚರ್ "ಬಾಯಾರಿಕೆ ಆಗಿದೆ ಅನ್ನು, ಆಮೇಲೆ ಹೋಗು" ಅಂದರು. ಅವನಿಗೆ ನಾಲಿಗೆ ಹೊರಳಲಿಲ್ಲ. ಮೂರು ಸಲ ಹೇಳಿಸಿ ಆಮೇಲೆ ಬಿಟ್ಟರು. ನೀರಡಿಕೆ ಅನ್ನುವುದು ತಪ್ಪು ಮಾತೇನಲ್ಲ. ಸಾವಿರ ವರ್ಷಕ್ಕೂ ಹಿಂದೆ ಕವಿರಾಜಮಾರ್ಗದಲ್ಲಿ ಕನ್ನಡದ ತಿರುಳು ಇರುವ ನಾಡು ಯಾವುದು ಅಂತ ಹೇಳುವಾಗ ನಮ್ಮ ಕೊಪ್ಪಳದ ಹೆಸರೂ ಬರುತ್ತದೆ, ಕೊಪಣ ಅಂತ. ಇದನ್ನು ಹೆಡ್‌ಮೇಷ್ಟ್ರು ರಾಜ್ಯೋತ್ಸವದ ಭಾಷಣದಲ್ಲಿ ಪ್ರತಿ ವರ್ಷ ಹೇಳುತ್ತಾರೆ. ಹಾಗಿದ್ದ ಮೇಲೆ ಅದೇ ಊರಿನ ಮಗು ತನ್ನ ಮಾತಾಡಲು ಯಾಕೆ ನಾಚಬೇಕು? ಮೊದಲು ನೀರು ಕುಡಿದು ಬರಲಿ. ಪುಸ್ತಕದ ಮಾತು ಆಮೇಲೆ ಕಲಿಸು.

ಈಗ ಆ ವಿಷಯಕ್ಕೆ ಬರುತ್ತೇನೆ.

ನೀನು ಆರನೇ ಕ್ಲಾಸಿನಲ್ಲಿದ್ದಾಗ, 2016ರಲ್ಲಿ, ಮಳೆ ಕೈಕೊಟ್ಟಿತ್ತು. ನಿಮ್ಮಪ್ಪ ಬೋರ್ ಹಾಕಿಸಲು ಮಾಡಿದ ಸಾಲ ಹಾಗೇ ನಿಂತಿತ್ತು. ನಿಮ್ಮ ಅತ್ತೆ ಬಂದು, ಹೈಬ್ರಿಡ್ ಬೀಜಕ್ಕೆ ಹತ್ತಿ ಕ್ರಾಸಿಂಗ್ ನಡೀತಿದೆ, ಸಣ್ಣ ಬೆರಳಿನವರು ಬೇಕಂತೆ, ಹದಿನೈದು ದಿನ ಕಳಿಸು ಅಂದಳು. ನೀನು ಹೋದೆ. ಸಂಜೆ ಮೊಗ್ಗು ಸುಲಿಯುವುದು, ಬೆಳಿಗ್ಗೆ ಗಂಡು ಹೂವು ತಂದು ಪರಾಗ ಹಚ್ಚುವುದು. ನಿನ್ನ ಬೆರಳು ಹಳದಿಯಾಗಿದ್ದು ನಿನಗೂ ನೆನಪಿರಬೇಕು. ಅಷ್ಟು ನಿನಗೆ ಗೊತ್ತಿರುವುದೇ. ಶಾಲೆಯ ಕಡೆ ಏನು ನಡೆಯಿತು ಅಂತ ನಿನಗೆ ಗೊತ್ತಿಲ್ಲ.

ನೀನು ಹೋದ ಮೊದಲ ದಿನ ಚೀಟಿ ಬಂತು. ಹಿಂದಿನ ದಿನ ಕೆಳಗಿನ ಸಂಖ್ಯೆ 48 ಇತ್ತು. ಅವತ್ತು 47. ಕಡಿಮೆಯಾದ ಆ ಒಂದು ನೀನು. ನಾನೇ 150 ಗ್ರಾಂ ಅಕ್ಕಿ ತೆಗೆದು ಚೀಲಕ್ಕೆ ಹಾಕಿದೆ. ಊರಿನ ಮಕ್ಕಳಿಗೆಲ್ಲ ಅಳೆದು ಹಾಕುವವಳು ನನ್ನ ಮಗಳ ಪಾಲನ್ನು ನನ್ನ ಕೈಯಾರೆ ವಾಪಸ್ ಹಾಕಿದೆ. ಆ ಕೈಯಲ್ಲೇ ಅವತ್ತು ಎಲ್ಲರಿಗೂ ಬಡಿಸಿದೆ.

ನಿಮ್ಮ ಗಣಿತದ ಅಕ್ಕೋರು ಅಡುಗೆ ಕೋಣೆಗೆ ಬಂದರು. "ಅಕ್ಕಾ, ಮಗಳು ಬಂದಿಲ್ಲ?" ಅಂದರು. ನಾನು "ಜ್ವರ ಬಂದೈತ್ರಿ" ಅಂದೆ. ಅವರು ನನ್ನ ಮುಖ ನೋಡಲಿಲ್ಲ. ಡಬರಿ ಕಡೆ ನೋಡುತ್ತಾ "ಹುಷಾರಾಗಲಿ" ಅಂದು ಹೋದರು. ಎರಡನೇ ದಿನ ಬಂದರು, "ಜ್ವರ ಬಿಡ್ತಾ?" ಅಂದರು. ನಾನು ಇಲ್ಲ ಅಂದೆ. ಮೂರನೇ ದಿನ, ನಾಲ್ಕನೇ ದಿನವೂ ಬಂದು ಕೇಳಿದರು. ಬೈಯಲಿಲ್ಲ. ಹದಿನಾಲ್ಕು ವರ್ಷದೊಳಗಿನವರನ್ನು ದುಡಿಸಬಾರದು ಅಂತ ಕಾನೂನು ಹೇಳಲಿಲ್ಲ. ಸುಮ್ನೆ ದಿನಾ ಕೇಳಿದರು. ಆರನೇ ದಿನ ಸಂಜೆ ಶಾಲೆ ಬಿಟ್ಟ ಮೇಲೆ ನನ್ನ ಜೊತೆಗೇ ನಡೆದು ಬಂದರು. ಮನೆ ಬಾಗಿಲಲ್ಲಿ ನಿಂತು ಒಂದು ನೋಟ್‌ಬುಕ್ ಕೊಟ್ಟರು. ಆ ಆರು ದಿನ ಮಾಡಿದ ಲೆಕ್ಕಗಳನ್ನೆಲ್ಲ ತಮ್ಮ ಕೈಯಿಂದ ಬರೆದಿದ್ದರು, ಒಂದೊಂದು ಹೆಜ್ಜೆಯೂ ಬಿಡದೆ. "ಹೊಲದಿಂದ ಬಂದ ಮೇಲೆ ನೋಡ್ಕೊಳ್ಳಲಿ" ಅಂದರು.

ಹೊಲದಿಂದ ಅಂದರು. ಮೊದಲ ದಿನದಿಂದಲೂ ಅವರಿಗೆ ಗೊತ್ತಿತ್ತು. ಆರು ದಿನ ನನ್ನ ಸುಳ್ಳು ಕೇಳಿಸಿಕೊಂಡರು, ಒಂದು ಸಲವೂ ನನ್ನನ್ನು ಸುಳ್ಳಿ ಮಾಡಲಿಲ್ಲ. ನಾನು ಬಾಗಿಲಲ್ಲೇ ಕೂತು ಅತ್ತುಬಿಟ್ಟೆ. ಅವರೂ ಹೊಸ್ತಿಲ ಮೇಲೆ ಕೂತರು. ಎಷ್ಟು ಸಾಲ, ಎಷ್ಟು ಬಡ್ಡಿ ಅಂತ ಕೇಳಿದರು. ಕಾಗದದ ಮೇಲೆ ಲೆಕ್ಕ ಹಾಕಿ, ಹದಿನೈದು ದಿನದ ನಿನ್ನ ಕೂಲಿ ಎಷ್ಟಾಗುತ್ತದೆ, ಅದರಿಂದ ಸಾಲದಲ್ಲಿ ಎಷ್ಟು ಇಳಿಯುತ್ತದೆ ಅಂತ ತೋರಿಸಿದರು. ಬಡ್ಡಿಗೂ ಸಾಲುತ್ತಿರಲಿಲ್ಲ. ಅದನ್ನು ನಾನು ಅಲ್ಲಿಯವರೆಗೆ ಕೂಡಿಸಿ ನೋಡಿಯೇ ಇರಲಿಲ್ಲ. ಮರುದಿನ ನಿನ್ನನ್ನು ಶಾಲೆಗೆ ಕಳಿಸಿದೆ. ಅತ್ತೆ ಮುನಿಸಿಕೊಂಡಳು, ಒಂದು ವರ್ಷ ಮಾತಾಡಲಿಲ್ಲ.

ಅವತ್ತು ನೀನು ಕ್ಲಾಸಿನ ಒಳಗೆ ಹೋದಾಗ ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅವರು ನಿನ್ನನ್ನು ಏನೂ ಕೇಳಲಿಲ್ಲ. ನಿನ್ನ ಹೆಸರು ಕರೆದರು, ನೀನು ಹಾಜರ್ ಅಂದೆ, ಮುಂದಿನ ಹೆಸರು ಕರೆದರು. ಚೀಟಿಯಲ್ಲಿ 48 ಅಂತ ಬಂತು.

ಆ ನೋಟ್‌ಬುಕ್ ಟ್ರಂಕಿನಲ್ಲಿ ಭದ್ರವಾಗಿದೆ. ನೀನು ಬಂದಾಗ ಕೊಡುತ್ತೇನೆ. ಆ ಅಕ್ಕೋರಿಗೆ ಎರಡು ವರ್ಷದ ಮೇಲೆ ವರ್ಗವಾಯಿತು. ನೀನು ಟೀಚರ್ ಆಗುತ್ತೇನೆ ಅಂದ ದಿನ ನಾನು ಮೊದಲು ನೆನೆದದ್ದು ಅವರನ್ನು. ಸುಳ್ಳು ಹೇಳಿದ್ದೆ ಅನ್ನುವುದನ್ನು ನಿನ್ನ ಹತ್ತಿರ ಇಷ್ಟು ವರ್ಷ ಮುಚ್ಚಿಟ್ಟಿದ್ದೆ. ನೀನು ಕ್ಲಾಸಿಗೆ ಹೋಗಿ ನಿಲ್ಲುವ ಮುಂಚೆ ಹೇಳಲೇಬೇಕು ಅನಿಸಿತು. ನಾಳೆ ನಿನ್ನ ಮುಂದೆಯೂ ಒಬ್ಬ ತಾಯಿ ಬಂದು ಜ್ವರ ಅಂತಾಳೆ. ಅವಳ ಮಾತು ಕೇಳಿಸಿಕೊಳ್ಳುವಾಗ ನನ್ನನ್ನು ನೆನೆದುಕೋ. ಮರುದಿನ ಮತ್ತೆ ಹೋಗಿ ಕೇಳು.

ಪ್ರಬಂಧದಲ್ಲಿ ಏನು ಬರೆಯುತ್ತೀಯೋ ನಿನಗೆ ಬಿಟ್ಟದ್ದು. ನನ್ನ ಹೆಸರು ಹಾಕಿದರೂ ನನಗೇನೂ ಬೇಜಾರಿಲ್ಲ.

ಇದಾದ ಮೇಲೆ ಟಿಇಟಿಗೆ, ಅದೇ ಶಿಕ್ಷಕರ ಅರ್ಹತಾ ಪರೀಕ್ಷೆಗೆ, ಓದಬೇಕು ಅಂತಿದ್ದೀ. 150ಕ್ಕೆ 90 ಬೇಕು ಅಂತ ತಲೆ ಕೆಡಿಸಿಕೊಳ್ಳಬೇಡ, ಮನೆಗೆ ಬಂದು ಒಂದು ವಾರ ನಿದ್ದೆ ಮಾಡು, ಆಮೇಲೆ ಪುಸ್ತಕ ತೆಗಿ. ಕೊನೆಯ ಪರೀಕ್ಷೆ ಮುಗಿಯುವ ದಿನ ಹುಣ್ಣಿಮೆ ಇದೆ. ಹುಲಿಗೆಮ್ಮನ ಗುಡಿಗೆ ಬರುವ ಜನರಿಂದ ಮುನಿರಾಬಾದಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಬ್ಯಾಗು ಹಿಡಿದುಕೊಂಡು ಬಸ್ ಹತ್ತಲು ಆಗುವುದಿಲ್ಲ. ಅವತ್ತು ಹಾಸ್ಟೆಲ್‌ನಲ್ಲೇ ಇದ್ದು ಮರುದಿನ ಬೆಳಿಗ್ಗೆ ಹಿಟ್ನಾಳ ಕ್ರಾಸಿಗೆ ಬಂದು ಕುಷ್ಟಗಿ ಬಸ್ ಹಿಡಿ. ಆಧಾರ್ ಕಾರ್ಡ್ ಕೈಯಲ್ಲೇ ಇಟ್ಟುಕೋ, ಬ್ಯಾಗಿನ ಅಡಿಗೆ ಹಾಕಬೇಡ. ಮಧ್ಯಾಹ್ನದ ಹೊತ್ತಿಗೆ ಬಂದರೆ ಸೀದಾ ಶಾಲೆಗೇ ಬಾ. ಮಕ್ಕಳು ಉಣ್ಣಲು ಕೂತಿರುತ್ತಾರೆ. ಒಂದು ಬುಟ್ಟಿ ನೀನು ಹಿಡಿಯುವೆಯಂತೆ.

ನಿನ್ನ ಅವ್ವ